ಕಾಲೇಜ್ ನೋಡೋಕೆ ಅಪ್ಪ ಅವ್ವನ್ನೂ ಕರ್ಕೊಂಡು ಹೋಗ್ಬೇಕಾ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸೆಕೆಂಡ್ ಪಿಯು ಮುಗಿಸಿದ ಮಕ್ಕಳದ್ದು, ಉಳಿದಿದ್ದು ಅವರ ಅಪ್ಪ ಅಮ್ಮಂದ್ರದ್ದು. ಮಂಡ್ಯ ಮೈಸೂರು ಕಡೆಯಿಂದ ಬಂದಿದ್ದನ್ನ ಒಟ್ಟಿಗೆ ತಗೊಂಡಿದೀನಿ, ಎಲ್ಲದರ ತಿರುಳೂ ಹೆಚ್ಚು ಕಮ್ಮಿ ಒಂದೇ.

ಪ್ರಶ್ನೆ: ಮೇಡಂ ನಮಸ್ತೆ. ನಮ್ದು ಮದ್ದೂರು ತಾಲ್ಲೂಕಲ್ಲಿ ಒಂದು ಹಳ್ಳಿ. ಪಿಸಿಎಂಬಿ ಮುಗ್ಸಿ ಸಿಇಟಿ ಬರ್ದಿದೀನಿ, ಇಂಜಿನಿಯರಿಂಗ್ ಅಂತ ಡಿಸೈಡ್ ಆಗಿದೆ. ಮಂಡ್ಯ ಪಿಇಎಸ್, ಮೈಸೂರಲ್ಲಿ ಎನ್ಐಇ, ಎಸ್‌ಜೆಸಿಇ, ವಿದ್ಯಾವರ್ಧಕ ಇಷ್ಟು ಲಿಸ್ಟಲ್ಲಿದೆ. ಅಪ್ಪ ಕಬ್ಬು ಬೆಳೀತಾರೆ. ಕಾಲೇಜುಗಳನ್ನ ಇಷ್ಟದ ಆರ್ಡರಲ್ಲಿ ಹಾಕೋ ಆಪ್ಷನ್ ಎಂಟ್ರಿಗೆ ಮುಂಚೆ ಎಲ್ಲಾ ಕಾಲೇಜ್ನೂ ನೋಡ್ಕೊಂಡ್ ಬರೋಣ, ಅವ್ವನೂ ಬರ್ಲಿ ಅಂತಾರೆ. ಬೆಂಗಳೂರಲ್ಲಿರೋ ಚಿಕ್ಕಪ್ಪ ಅದೆಲ್ಲ ಟೈಮ್ ವೇಸ್ಟ್, ಕಟಾಫ್ ನೋಡಿ ಹಾಕ್ಬಿಡು ಅಂತಾರೆ. ನಿಜ ಹೇಳ್ಬೇಕು ಅಂದ್ರೆ ನಂಗೂ ಮುಜುಗರ ಆಗುತ್ತೆ, ಅಪ್ಪ ಕಂಡೋರನ್ನೆಲ್ಲ ಜೋರಾಗಿ ಮಾತಾಡ್ಸ್ತಾರೆ, ಅವ್ವ ಊಟ ಏನು ಬಾತ್‌ರೂಮ್ ಎಲ್ಲಿ ಅಂತ ಕೇಳ್ತಾಳೆ, ಅಲ್ಲಿ ಎಲ್ರೂ ಇಂಗ್ಲಿಷಲ್ಲಿ ಮಾತಾಡ್ತಿರ್ತಾರೆ. ಹೋದ್ರೆ ಏನ್ ನೋಡ್ಬೇಕು ಅನ್ನೋದೂ ಗೊತ್ತಿಲ್ಲ.

ಉತ್ತರ: ಹೋಗು ಪುಟ್ಟ, ಇಬ್ರನ್ನೂ ಕರ್ಕೊಂಡೇ ಹೋಗು. ಚಿಕ್ಕಪ್ಪ ಹೇಳಿದ್ದು ಪೂರ್ತಿ ತಪ್ಪಲ್ಲ, ಕಟಾಫ್ ನೋಡ್ಲೇಬೇಕು, ಆದ್ರೆ ಕಟಾಫ್ ನಿಂಗೆ ಯಾವ ಸೀಟ್ ಸಿಗಬಹುದು ಅಂತ ಮಾತ್ರ ಹೇಳುತ್ತೆ, ಸಿಕ್ಕಬಹುದಾದ ನಾಲ್ಕರಲ್ಲಿ ಯಾವುದನ್ನ ಮೇಲೆ ಹಾಕ್ಬೇಕು ಯಾವುದನ್ನ ಕೆಳಗೆ ಹಾಕ್ಬೇಕು ಅಂತ ಹೇಳಲ್ಲ. ಸಿಇಟಿ ನಡೆಸಿ ಸೀಟ್ ಹಂಚೋ ಕೆಇಎ ಅವ್ರ ಆಪ್ಷನ್ ಎಂಟ್ರಿಲಿ ಇರೋ ವಿಷಯನೇ ಅದು. ಪಿಯುಸಿಯ ಪಿಸಿಎಂ ಮಾರ್ಕ್ಸ್ ಅರ್ಧ, ಸಿಇಟಿ ಅರ್ಧ ಸೇರಿಸಿ ರ‍್ಯಾಂಕ್ ಬರುತ್ತೆ, ಆಮೇಲೆ ಕಂಪ್ಯೂಟರ್ ನಿನ್ನ ಲಿಸ್ಟನ್ನ ಮೇಲಿಂದ ಕೆಳಗೆ ನೋಡ್ಕೊಂಡು ಬರುತ್ತೆ, ನಿನ್ನ ರ‍್ಯಾಂಕಿಗೆ ಮೊದಲು ಎಲ್ಲಿ ಖಾಲಿ ಇದೆಯೋ ಅದನ್ನ ಕೊಟ್ಟು ನಿಲ್ಲುತ್ತೆ. ಕೆಳಗಿರೋದು ನಿಂಗೆ ಎಷ್ಟೇ ಇಷ್ಟ ಇದ್ರೂ ಅಲ್ಲಿಗೆ ಹೋಗೋದೇ ಇಲ್ಲ. ಹಾಗಾಗಿ ಕಾಲೇಜ್ ನೋಡೋಕೆ ಹೋಗೋದು ಬಿಲ್ಡಿಂಗ್ ಚೆನ್ನಾಗಿದ್ಯಾ ಅಂತ ನೋಡೋಕಲ್ಲ, ಆ ಆರ್ಡರ್ ಹಾಕೋಕೆ. ಇದೊಂದು ತಲೇಲಿ ಇಟ್ಕೊಂಡ್ರೆ ಏನ್ ನೋಡ್ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ.

ಮೊದಲನೇದು, ಕ್ಲಾಸ್ ನಡೀತಿರೋ ದಿನ ಹೋಗಿ. ಫೋನ್ ಮಾಡಿ ಕೇಳ್ಕೊಳ್ಳಿ, ಎಕ್ಸಾಮಾ ರಜಾನಾ ಅಂತ. ಭಾನುವಾರ ಹೋದ್ರೆ ಸೆಕ್ಯುರಿಟಿ ಒಬ್ರೇ ಸಿಗೋದು. ಕಾಲೇಜಿನೋರೇ ಕರ್ದು ತೋರ್ಸೋ ದಿನ ಹೋದ್ರೆ ಹೆಣ್ಣು ನೋಡೋ ಶಾಸ್ತ್ರಕ್ಕೆ ಹೋದಂಗೆ, ಎಲ್ಲಾ ಅಲಂಕಾರ ಮಾಡಿ ಕೂರ್ಸಿರ್ತಾರೆ, ದಿನ ಬೆಳಗಾದ್ರೆ ಹೆಂಗಿರುತ್ತೆ ಅಂತ ತಿಳಿಯಲ್ಲ. ಒಂದು ದಿನಕ್ಕೆ ಎರಡು ಕಾಲೇಜು ಸಾಕು, ಮೂರನೇದಕ್ಕೆ ಹೋಗೋ ಹೊತ್ತಿಗೆ ಅವ್ವನಿಗೆ ಕಾಲು ನೋವು, ನಿಂಗೆ ತಲೆ ನೋವು, ಏನೂ ತಲೆಗೆ ಹತ್ತಲ್ಲ.

ಮುಜುಗರದ ವಿಷ್ಯ ಮಾತಾಡ್ತೀನಿ, ಅದಕ್ಕೇ ಈ ಪತ್ರ ಆರಿಸ್ಕೊಂಡಿದ್ದು. ಮೈಸೂರಿನ ಒಂದು ಕಾಲೇಜಿನ ಅಡ್ಮಿಷನ್ ಆಫೀಸ್ ಹೊರಗಿನ ಬೆಂಚಲ್ಲಿ ಒಬ್ರು ರೈತರು ಕೂತಿದ್ರು, ಮಗಳ ಮಾರ್ಕ್ಸ್ ಕಾರ್ಡ್ ಎಲ್ಲಾ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ತೊಡೆ ಮೇಲೆ ಇಟ್ಕೊಂಡು. ಒಳಗೆ ಕೌಂಟರಲ್ಲಿ ಮಗಳು ಇಂಗ್ಲಿಷಲ್ಲಿ ಏನೋ ಕೇಳಿದ್ಲು, ಅವ್ರು ಒಂದು ಬಣ್ಣದ ಪುಸ್ತಕ ಕೊಟ್ಟು ಕಳ್ಸಿದ್ರು. ಅಷ್ಟರಲ್ಲಿ ಈ ಅಪ್ಪ ಪಕ್ಕದಲ್ಲಿ ನಿಂತಿದ್ದ ಅಟೆಂಡರನ್ನ ಮಾತಾಡ್ಸಿದ್ರು, ಯಾವೂರಣ್ಣ ನಿಂದು, ಮಕ್ಳು ಎಷ್ಟೊತ್ತಿಗೆ ಉಣ್ತಾರೆ ಇಲ್ಲಿ, ಸಾಯಂಕಾಲ ಎಷ್ಟೊತ್ತಿಗೆ ಬಿಡ್ತಾರೆ, ಮಳೆ ಬಂದ್ರೆ ಬಸ್‌ಸ್ಟಾಪ್ ತನಕ ಹೆಂಗೆ. ಆ ಅಟೆಂಡರ್ ಪಾಂಡವಪುರ ಕಡೆಯೋರು, ಊರ ಕಡೆಯೋರು ಸಿಕ್ರು ಅಂತ ಬಾಯ್ಬಿಟ್ಟು ಎಲ್ಲಾ ಹೇಳಿದ್ರು. ಕೊನೆ ಲ್ಯಾಬ್ ಐದು ಗಂಟೆ ಹತ್ರ ಬಿಡುತ್ತೆ, ಆಮೇಲೆ ಸಿಟಿ ಬಸ್ ತುಂಬಿರುತ್ತೆ, ಫಸ್ಟ್ ಇಯರ್ ಮಕ್ಕಳಿಗೆ ಹಾಸ್ಟೆಲ್ ಕೊಡೋದು ಲೇಟು, ಅಲ್ಲಿ ತನಕ ಪಿಜಿಲಿ ಇರ್ಬೇಕು. ಆ ಬಣ್ಣದ ಪುಸ್ತಕದಲ್ಲಿ ಇದರಲ್ಲಿ ಒಂದೂ ಇರ್ಲಿಲ್ಲ. ನಿಮ್ಮಪ್ಪ ಜೋರಾಗಿ ಮಾತಾಡ್ಸ್ತಾರೆ ಅಂದ್ಯಲ್ಲ, ಮಾತಾಡ್ಸ್ಲಿ ಬಿಡು. ನಮ್ಮ ಮಂಡ್ಯ ಮೈಸೂರು ಕಾಲೇಜುಗಳ ಆಫೀಸಲ್ಲಿ, ಲ್ಯಾಬಲ್ಲಿ, ಕ್ಯಾಂಟೀನಲ್ಲಿ ಕೆಲಸ ಮಾಡೋರು ನಮ್ಮೂರಿನವ್ರೇ, ಕನ್ನಡದಲ್ಲಿ ಕೇಳಿದ್ರೆ ಜಾಸ್ತಿನೇ ಹೇಳ್ತಾರೆ.

ಹಂಗಂತ ಎಲ್ಲಾ ಪ್ರಶ್ನೆ ಅಪ್ಪನೇ ಕೇಳೋದಲ್ಲ. ಅಪ್ಪ ದುಡ್ಡಿನ ವಿಷ್ಯ ನೋಡ್ಲಿ, ಅವ್ವ ಹಾಸ್ಟೆಲ್ ಊಟ ನೋಡ್ಲಿ, ನಿನ್ನ ಕೆಲಸ ಡಿಪಾರ್ಟ್‌ಮೆಂಟು. ಎಚ್‌ಒಡಿ ಹತ್ರ ಕೂತಾಗ ನೀನೇ ಬಾಯ್ಬಿಡ್ಬೇಕು, ನಾಳೆ ನಾಲ್ಕು ವರ್ಷ ಓದೋಳು ನೀನು ತಾನೆ.

ದುಡ್ಡಿನಲ್ಲಿ ಒಂದು ಮುಖ್ಯ ವಿಷ್ಯ ಹಳ್ಳಿ ಕಡೆಯೋರಿಗೆ ಯಾರೂ ಹೇಳಲ್ಲ. ಪಿಇಎಸ್, ಎನ್ಐಇ, ಎಸ್‌ಜೆಸಿಇ ಇವೆಲ್ಲ ಹಳೇ ಕಾಲೇಜುಗಳು, ಸರ್ಕಾರದ ಅನುದಾನ ಇರೋ ಬ್ರಾಂಚುಗಳು ಇವುಗಳಲ್ಲಿವೆ. ಏಯ್ಡೆಡ್ ಬ್ರಾಂಚಲ್ಲಿ ಸೀಟ್ ಸಿಕ್ರೆ ಫೀಸ್ ತುಂಬಾ ಕಮ್ಮಿ, ಅದೇ ಕಾಲೇಜಿನ ಅನ್‌ಏಯ್ಡೆಡ್ ಬ್ರಾಂಚಲ್ಲಿ ಜಾಸ್ತಿ. ಕೆಇಎ ಲಿಸ್ಟಲ್ಲಿ ಏಯ್ಡೆಡ್‌ಗೆ ಒಂದು ಕೋಡು, ಅನ್‌ಏಯ್ಡೆಡ್‌ಗೆ ಇನ್ನೊಂದು ಕೋಡು ಇರುತ್ತೆ, ಕಾಲೇಜ್ ಹೆಸರು ಮಾತ್ರ ಒಂದೇ, ನೋಡ್ದೆ ಹಾಕಿದ್ರೆ ಫೀಸ್ ಕಟ್ಟೋ ದಿನ ಗೊತ್ತಾಗುತ್ತೆ. ಆಫೀಸಲ್ಲಿ ನೇರವಾಗಿ ಕೇಳಿ, ಈ ಬ್ರಾಂಚ್ ಏಯ್ಡೆಡ್ಡಾ, ಕೋಡ್ ಯಾವುದು ಅಂತ, ಬರ್ಕೊಳ್ಳಿ. ಹಾಗೇ ಎಸ್‌ಎನ್‌ಕ್ಯೂ ಅಂತ ಇದೆ, ವರ್ಷದ ಆದಾಯ 8 ಲಕ್ಷದ ಒಳಗಿರೋ ಮನೆ ಮಕ್ಕಳಿಗೆ ಟ್ಯೂಷನ್ ಫೀಸ್ ಇಲ್ಲದೆ ಸಿಗೋ ಸೀಟು, ಮಾಮೂಲಿ ಸೀಟಿನ ಮೇಲೆ ಶೇಕಡ 5ರಷ್ಟು ಇರುತ್ತೆ. ಒಂದರಿಂದ ಹತ್ತನೇ ಕ್ಲಾಸ್ ತನಕ ಹಳ್ಳಿ ಸ್ಕೂಲಲ್ಲೇ ಓದಿದ್ರೆ ಗ್ರಾಮೀಣ ಕೋಟಾ ಇದೆ, ಕನ್ನಡ ಮೀಡಿಯಮ್ ಆಗಿದ್ರೆ ಅದಕ್ಕೂ ಬೇರೆ ಕೋಟಾ ಇದೆ. ಅಪ್ಲಿಕೇಶನಲ್ಲಿ ಇವೆಲ್ಲ ಕ್ಲೈಮ್ ಆಗಿದ್ಯಾ ಅಂತ ಇವತ್ತೇ ತೆಗ್ದು ನೋಡು.

ಇನ್ನು ಜಾಗ. ಬರೀ ಹೆಸರು ನೋಡಿ ಮೈಸೂರು ಸಿಟಿ ಒಳಗೇ ಇರುತ್ತೆ ಅನ್ಕೋಬೇಡಿ. ಎನ್ಐಇ 1946ರ ಕಾಲೇಜು, ಮಾನಂದವಾಡಿ ರೋಡಲ್ಲಿರೋ ಹಳೇ ಕ್ಯಾಂಪಸ್ ಎಲ್ರಿಗೂ ಗೊತ್ತು, ಆದ್ರೆ ಕೂರ್ಗಳ್ಳಿಲೂ ಅವರ ಕ್ಯಾಂಪಸ್ ಇದೆ, ನಿನ್ನ ಬ್ರಾಂಚ್ ಎಲ್ಲಿ ನಡೆಯುತ್ತೆ ಅಂತ ಕೇಳಿ ಆ ಕ್ಯಾಂಪಸ್ಸನ್ನೇ ನೋಡ್ಕೊಂಡು ಬನ್ನಿ. ಮಹಾರಾಜ ಇನ್‌ಸ್ಟಿಟ್ಯೂಟ್, ಎಂಐಟಿ ಮೈಸೂರು ಅಂತ ಕರೀತಾರಲ್ಲ, ಅದು ಇರೋದು ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಲಿ, ಅಂದ್ರೆ ನಮ್ಮ ಮಂಡ್ಯ ಜಿಲ್ಲೆನೇ. ಎಸ್‌ಜೆಸಿಇ ಶುರುವಾಗಿದ್ದು 1963ರಲ್ಲಿ, ಈಗ ಅದು ಜೆಎಸ್ಎಸ್ ವಿಶ್ವವಿದ್ಯಾಲಯದ ಒಳಗಿದೆ, ಡಿಗ್ರಿ ಅವರದ್ದೇ, ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುದಲ್ಲ. ಪಿಇಎಸ್, ಎನ್ಐಇ ಎರಡೂ ಅಟಾನಮಸ್, ಸಿಲಬಸ್, ಕ್ವಶ್ಚನ್ ಪೇಪರ್ ಅವರದ್ದು, ಡಿಗ್ರಿ ವಿಟಿಯುದು. ಇದರಲ್ಲಿ ಯಾವುದು ಮೇಲು ಯಾವುದು ಕೀಳು ಅಂತಿಲ್ಲ, ಗೊತ್ತಿದ್ದು ಸೇರ್ಕೋಬೇಕು ಅಷ್ಟೆ.

ಪಿಇಎಸ್ ಬಗ್ಗೆ ಒಂದು ಮಾತು, ಮನೆ ಹತ್ರ ಇದೆ ಅಂತ ಅದನ್ನ ಕಡೆಗಣಿಸ್ಬೇಡ. ಕೆ.ವಿ. ಶಂಕರಗೌಡರು ರೈತರ ಮಕ್ಕಳು ಬೆಂಗಳೂರಿಗೆ ಹೋಗ್ದೆ ಇಂಜಿನಿಯರ್ ಆಗ್ಲಿ ಅಂತ 1962ರಲ್ಲಿ ಶುರು ಮಾಡಿದ ಕಾಲೇಜದು. ಮೈಸೂರು ಅಂದ ತಕ್ಷಣ ದೊಡ್ಡದು ಅನ್ನೋ ಭಾವನೆ ನಮ್ಮ ಕಡೆ ಮಕ್ಕಳಿಗೆ ಇರುತ್ತೆ, ಅದಕ್ಕೇ ಹೇಳ್ತಿರೋದು, ಬೇರೆದನ್ನ ನೋಡೋ ಅಷ್ಟೇ ಶ್ರದ್ಧೆಯಿಂದ ಇದನ್ನೂ ಒಂದು ದಿನ ಪೂರ್ತಿ ಇಟ್ಕೊಂಡು ನೋಡಿ.

ಡಿಪಾರ್ಟ್‌ಮೆಂಟಲ್ಲಿ ಏನ್ ನೋಡೋದು? ನೋಟಿಸ್ ಬೋರ್ಡ್ ಮುಂದೆ ಐದು ನಿಮಿಷ ನಿಂತ್ಕೋ. ಈ ಸೆಮಿಸ್ಟರ್ ಟೈಮ್‌ಟೇಬಲ್ ಹಾಕಿದಾರಾ, ಅದರಲ್ಲಿ ಮೇಷ್ಟ್ರುಗಳ ಹೆಸರು ಇದ್ಯಾ ಇಲ್ಲಾ ನ್ಯೂ ಫ್ಯಾಕಲ್ಟಿ ಅಂತ ಬರ್ದಿದಾರಾ, ಇಂಟರ್ನಲ್ಸ್ ಮಾರ್ಕ್ಸ್ ಹಾಕಿದಾರಾ, ಇಲ್ಲಾ ಹಳೇ ವರ್ಷದ ಫೆಸ್ಟ್ ಪೋಸ್ಟರೇ ಅಂಟಿದ್ಯಾ. ಲ್ಯಾಬ್ ತೋರ್ಸ್ತಾರೆ, ಮೆಷಿನ್ ಫಳಫಳ ಅಂತಿದ್ರೆ ಖುಷಿ ಪಡೋಕೆ ಮುಂಚೆ ಒಂದು ಬ್ಯಾಚಲ್ಲಿ ಎಷ್ಟು ಜನ, ಒಂದು ಸಿಸ್ಟಮ್‌ಗೆ ಎಷ್ಟು ಜನ ಕೂರ್ತಾರೆ ಅಂತ ಕೇಳು, ಕ್ಲಾಸ್ ಅವಧಿ ಮುಗಿದ್ಮೇಲೆ ಬಂದು ಕೆಲಸ ಮಾಡ್ಬಹುದಾ ಕೇಳು. ಎನ್‌ಬಿಎ ಮಾನ್ಯತೆ, ಅಂದ್ರೆ ಗುಣಮಟ್ಟ ನೋಡಿ ಕೊಡೋದು, ಇದ್ಯಾ ಕೇಳು, ನ್ಯಾಕ್ ಅನ್ನೋದು ಇಡೀ ಕಾಲೇಜಿಗೆ ಕೊಡೋ ಗ್ರೇಡು, ಎನ್‌ಬಿಎ ಒಂದೊಂದು ಬ್ರಾಂಚಿಗೂ ಬೇರೆ ಬೇರೆ, ಪಕ್ಕದ ಬ್ರಾಂಚಿಗೆ ಇದ್ದು ನಿನ್ನ ಬ್ರಾಂಚಿಗೆ ಇಲ್ದೆ ಇರ್ಬಹುದು.

ಪ್ಲೇಸ್‌ಮೆಂಟ್ ಬ್ಯಾನರ್ ಗೇಟಲ್ಲೇ ಕಾಣುತ್ತೆ, ಹೈಯೆಸ್ಟ್ ಪ್ಯಾಕೇಜ್ ಇಷ್ಟು ಲಕ್ಷ ಅಂತ. ಅದು ಒಬ್ಬರಿಗೋ ಇಬ್ಬರಿಗೋ ಸಿಕ್ಕಿದ್ದು. ನಿನ್ನ ಬ್ರಾಂಚಲ್ಲಿ ಹೋದ ವರ್ಷ ಫೈನಲ್ ಇಯರಲ್ಲಿ ಎಷ್ಟು ಜನ ಇದ್ರು, ಅದ್ರಲ್ಲಿ ಎಷ್ಟು ಜನಕ್ಕೆ ಕೆಲಸ ಆಯ್ತು, ಮಧ್ಯದಲ್ಲಿರೋ ಹುಡುಗ ಹುಡುಗಿಗೆ ಎಷ್ಟು ಸಂಬಳ ಸಿಕ್ತು, ಈ ಮೂರು ಕೇಳು. ಹೇಳಕ್ಕೆ ತಡವರಿಸಿದ್ರೆ ಅದೂ ಒಂದು ಉತ್ತರನೇ.

ಕೊನೇಗೆ ಕ್ಯಾಂಟೀನಿಗೆ ಹೋಗಿ ಟೀ ಕುಡೀರಿ. ಅಪ್ಪ ಅವ್ವ ಒಂದು ಟೇಬಲಲ್ಲಿ ಕೂತ್ಕೊಳ್ಳಿ, ನೀನು ಎದ್ದು ಹೋಗಿ ಸೆಕೆಂಡ್ ಇಯರ್ ಹುಡ್ಗೀರನ್ನ ಮಾತಾಡ್ಸು, ಅವ್ರು ಖಂಡಿತ ಮಾತಾಡ್ತಾರೆ, ಅವ್ರೂ ಹೋದ ವರ್ಷ ಇದೇ ಪಾಡಲ್ಲಿ ಇದ್ದೋರು. ಕಾಲೇಜ್ ಹೆಂಗಿದೆ ಅಂತ ಕೇಳಿದ್ರೆ ಚೆನ್ನಾಗಿದೆ ಅಂತ ಹೇಳಿ ಮುಗಿಸ್ತಾರೆ. ನಿನ್ನೆ ಎಷ್ಟು ಕ್ಲಾಸ್ ನಡೀತು ಅಂತ ಕೇಳು, ಫಸ್ಟ್ ಸೆಮ್ ಮ್ಯಾಥ್ಸ್ ಎಷ್ಟು ಜನ ಬ್ಯಾಕ್ ಆದ್ರು, ಕನ್ನಡ ಮೀಡಿಯಮಿಂದ ಬಂದೋರಿಗೆ ಯಾರಾದ್ರೂ ಸಹಾಯ ಮಾಡಿದ್ರಾ, ಹುಷಾರಿಲ್ದೆ ಹತ್ತು ದಿನ ಮಲಗಿದ್ರೆ ಅಟೆಂಡೆನ್ಸ್ ಏನ್ ಮಾಡ್ತಾರೆ ಅಂತ ಕೇಳು. ಆಗ ನಿಜ ಹೊರಗೆ ಬರುತ್ತೆ.

ವಾಪಸ್ ಬರೋವಾಗ ಬಸ್ಸಲ್ಲೇ ಮೂರು ಜನನೂ ಅವರವರ ಆರ್ಡರ್ ಬೇರೆ ಬೇರೆ ಬರೀರಿ, ಅವ್ವನಿಗೆ ಬರೆಯೋಕೆ ಬರ್ದೇ ಇದ್ರೆ ಕಿವೀಲಿ ಹೇಳ್ಲಿ ನೀನು ಬರ್ಕೋ. ಎಲ್ಲಾ ಕಾಲೇಜು ನೋಡಿ ಮುಗಿದ್ಮೇಲೆ ಮೂರೂ ಚೀಟಿ ಮುಂದಿಟ್ಕೊಂಡು ಕೂತ್ಕೊಳ್ಳಿ. ಎಲ್ಲಿ ಹೊಂದಿಕೆ ಆಗ್ಲಿಲ್ವೋ ಅಲ್ಲೇ ಮಾತಾಡೋದಿರೋದು. ಮೊದಲು ಮಾಕ್ ಅಲಾಟ್‌ಮೆಂಟ್ ಅಂತ ಬರುತ್ತೆ, ಅದು ನಿಜವಾದ ಸೀಟಲ್ಲ, ನೋಡಿದ್ಮೇಲೆ ಆರ್ಡರ್ ಬದಲಾಯಿಸೋಕೆ ಅವಕಾಶ ಇರುತ್ತೆ, ಗಾಬರಿ ಬೀಳ್ಬೇಡಿ. ನಿಜವಾದ ರೌಂಡಲ್ಲಿ ಸೀಟ್ ಬಂದಾಗ ಚಾಯ್ಸ್ ಕೊಡ್ಬೇಕು, ಚಾಯ್ಸ್ 1 ಅಂದ್ರೆ ಇದೇ ಸಾಕು ಸೇರ್ಕೋತೀನಿ, 2 ಅಂದ್ರೆ ಇದು ಇರ್ಲಿ ಆದ್ರೆ ಮೇಲಿಂದು ಸಿಕ್ಕಿದ್ರೆ ಅದು ಬೇಕು, 3 ಅಂದ್ರೆ ಇದು ಬೇಡ ಮುಂದಿನ ರೌಂಡ್ ನೋಡ್ತೀನಿ, 4 ಅಂದ್ರೆ ಪೂರ್ತಿ ಹೊರಗೆ. ಚಾಯ್ಸ್ 2 ಕೊಟ್ಟು ಮೇಲಿಂದು ಸಿಕ್ರೆ ಹಳೇದು ತಾನಾಗೇ ಹೋಗುತ್ತೆ, ಆಮೇಲೆ ಅದೇ ಬೇಕು ಅಂದ್ರೆ ಸಿಗಲ್ಲ. ಸೈಬರ್ ಸೆಂಟರ್‌ನೋರ ಕೈಗೆ ಪಾಸ್‌ವರ್ಡ್ ಕೊಟ್ಟು ನೀವೇ ಒತ್ತಿ ಅನ್ಬೇಡಿ, ನೀನೇ ಕೂತು ಒತ್ತು.

ಪ್ರಶ್ನೆ: ನಾನು ಮಂಡ್ಯದ ಗೃಹಿಣಿ. ಮಗಳಿಗೆ ಮೈಸೂರಲ್ಲಿ ಸೀಟ್ ಸಿಗೋ ಹಂಗಿದೆ. ದಿನಾ ಓಡಾಡಿಸೋದಾ ಹಾಸ್ಟೆಲಲ್ಲಿ ಬಿಡೋದಾ ಗೊತ್ತಾಗ್ತಿಲ್ಲ. ಹಾಸ್ಟೆಲ್ ನೋಡೋಕೆ ಹೋದಾಗ ಏನ್ ಗಮನಿಸ್ಬೇಕು?

ಉತ್ತರ: ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್, ಓಡಾಡೋ ಮಕ್ಕಳು ಬೇಕಾದಷ್ಟಿದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿರೋದ್ರಿಂದ ಹೆಣ್ಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಖರ್ಚೂ ಇಲ್ಲ, ಎಸಿ ಲಕ್ಷುರಿ ಬಸ್ಸಿಗೆ ಅದು ನಡೆಯಲ್ಲ. ರೈಲಿಗೆ ಸೀಸನ್ ಪಾಸ್ ಮಾಡಿಸ್ಬಹುದು. ಆದ್ರೆ ದುಡ್ಡಿಗಿಂತ ಮುಖ್ಯ ಬಾಗಿಲಿಂದ ಬಾಗಿಲಿಗೆ ಎಷ್ಟು ಹೊತ್ತು ಅನ್ನೋದು. ನೀವು ಕಾಲೇಜ್ ನೋಡೋಕೆ ಹೋಗೋ ದಿನ ಕಾರ್ ಮಾಡ್ಕೊಂಡು ಹೋಗ್ಬೇಡಿ ಅಮ್ಮ, ಮಗಳು ದಿನಾ ಹೋಗೋ ಹೊತ್ತಿಗೇ ಹೊರಟು, ಬಸ್ಸೋ ರೈಲೋ ಹತ್ತಿ, ಮೈಸೂರಲ್ಲಿ ಇಳಿದು ಸಿಟಿ ಬಸ್ ಹಿಡಿದು ಕ್ಲಾಸ್‌ರೂಮ್ ತನಕ ಹೋಗಿ ನೋಡಿ, ಸಾಯಂಕಾಲ ಹಂಗೇ ವಾಪಸ್ ಬನ್ನಿ. ಸುಸ್ತು ನಿಮಗೇ ಗೊತ್ತಾಗುತ್ತೆ. ಒಂದು ದಾರಿಗೆ ಒಂದೂವರೆ ಗಂಟೆ ದಾಟಿದ್ರೆ ಲ್ಯಾಬ್ ರೆಕಾರ್ಡ್ ಬರೆಯೋ ದಿನಗಳಲ್ಲಿ ಮಗು ನಿದ್ದೆಗೆಡುತ್ತೆ ಅನ್ನೋದು ನನ್ನ ಅನಿಸಿಕೆ, ಆಗ ಹಾಸ್ಟೆಲೇ ವಾಸಿ.

ಹಾಸ್ಟೆಲಿಗೆ ಹೋದ್ರೆ ಆಫೀಸಲ್ಲಿ ಫೋಟೋ ನೋಡಿ ಬರ್ಬೇಡಿ. ತಾಯಂದ್ರನ್ನ ಲೇಡೀಸ್ ಹಾಸ್ಟೆಲ್ ಒಳಗೆ ಬಿಡ್ತಾರೆ, ವಾರ್ಡನ್ ಹತ್ರ ಕೇಳಿ ಮೇಲಿನ ಮಹಡಿ ತನಕ ಹೋಗಿ ನಲ್ಲಿ ತಿರುಗಿಸಿ ನೋಡಿ, ಬೇಸಿಗೇಲಿ ನೀರಿನ ಕಥೆ ಅಲ್ಲೇ ಗೊತ್ತಾಗೋದು. ಬಾತ್‌ರೂಮ್ ಬಾಗಿಲ ಚಿಲಕ ನೋಡಿ. ಸ್ಯಾನಿಟರಿ ಪ್ಯಾಡ್ ಹಾಕೋಕೆ ಡಬ್ಬ ಇದ್ಯಾ ನೋಡಿ. ಊಟದ ಹೊತ್ತಿಗೇ ಹೋಗಿ, ಮೆಸ್ಸಲ್ಲಿ ಮಕ್ಕಳು ತಟ್ಟೇಲಿ ಎಷ್ಟು ಬಿಡ್ತಿದಾರೆ ಅಂತ ನೋಡಿದ್ರೆ ರುಚಿ ಕೇಳೋದೇ ಬೇಡ. ರಾತ್ರಿ ಜ್ವರ ಬಂದ್ರೆ ಯಾರು ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರೆ, ಗಾಡಿ ಇದ್ಯಾ ಅನ್ನೋದನ್ನ ವಾರ್ಡನ್ ಬಾಯಲ್ಲೇ ಕೇಳಿ. ಕಾಲೇಜ್ ಹಾಸ್ಟೆಲ್ ಸಿಗ್ಲಿಲ್ಲ ಅಂದ್ರೆ ಹಿಂದುಳಿದ ವರ್ಗಗಳ ಇಲಾಖೆ, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲುಗಳು ಮೈಸೂರಲ್ಲಿವೆ, ಅದಕ್ಕೆ ಆನ್‌ಲೈನಲ್ಲಿ ಅರ್ಜಿ ಹಾಕ್ಬೇಕು, ಸೀಟ್ ಕಮ್ಮಿ ಇರೋದ್ರಿಂದ ಅರ್ಜಿ ಕರೆದ ತಕ್ಷಣ ಹಾಕಿ.

ರ‍್ಯಾಗಿಂಗ್ ಬಗ್ಗೆ ಹಲವಾರು ತಾಯಂದ್ರು ಬರ್ದಿದೀರಿ. ಕಾಲೇಜ್ ಗೋಡೆ ಮೇಲೆ ಆಂಟಿ ರ‍್ಯಾಗಿಂಗ್ ಕಮಿಟಿಯ ಹೆಸರು ನಂಬರ್ ಇರ್ಲೇಬೇಕು, ಇದ್ಯಾ ನೋಡಿ. ಯುಜಿಸಿ ಸಹಾಯವಾಣಿ 1800-180-5522, ಮಗಳ ಫೋನಲ್ಲೂ ನಿಮ್ಮ ಫೋನಲ್ಲೂ ಸೇವ್ ಮಾಡಿಡಿ.

ಪ್ರಶ್ನೆ: ಮೈಸೂರು ಕುವೆಂಪುನಗರದಿಂದ. ಮಗನಿಗೆ ಯುವರಾಜ ಕಾಲೇಜಲ್ಲಿ ಬಿಎಸ್ಸಿ ಮಾಡೋ ಆಸೆ. ನನಗೆ ಇಂಜಿನಿಯರಿಂಗ್ ಓದ್ಲಿ ಅಂತ. ಎರಡು ಇಂಜಿನಿಯರಿಂಗ್ ಕಾಲೇಜ್ ತೋರ್ಸ್ಕೊಂಡು ಬಂದೆ, ಒಂದು ಮಾತೂ ಆಡ್ಲಿಲ್ಲ, ಫೋನ್ ನೋಡ್ತಾ ನಿಂತಿದ್ದ. ಏನ್ ಮಾಡ್ಲಿ?

ಉತ್ತರ: ಸರ್, ನೀವು ತೋರ್ಸಿದ್ದು ನಿಮಗೆ ಬೇಕಾದ ಕಾಲೇಜು. ಅವನಿಗೆ ಬೇಕಾದ್ದನ್ನ ನೋಡೋಕೆ ನೀವು ಅವನ ಜೊತೆ ಹೋಗಿ, ಆವತ್ತು ಅವನು ಮುಂದೆ ನಡೀಲಿ ನೀವು ಹಿಂದೆ ಇರಿ. ಯುವರಾಜ ಕಾಲೇಜು 1928ರದ್ದು, ಮೈಸೂರು ವಿವಿಯ ಸ್ವಂತ ಕಾಲೇಜು, ಅಟಾನಮಸ್. ಪಕ್ಕದಲ್ಲೇ ಮಹಾರಾಜ ಕಾಲೇಜು, ಕುವೆಂಪು ಓದಿ ಪಾಠನೂ ಮಾಡಿ ಪ್ರಿನ್ಸಿಪಾಲರೂ ಆಗಿದ್ದ ಜಾಗ. ಇಂಥ ಹೆಸರಿನ ಬಗ್ಗೆ ಅಭಿಮಾನ ನನಗೂ ಇದೆ, ಆದ್ರೆ ನೋಡ್ಬೇಕಾಗಿರೋದು ಇವತ್ತು ಅಲ್ಲಿ ಪಾಠ ಹೆಂಗೆ ನಡೀತಿದೆ ಅಂತ. ಅವನ ಸಬ್ಜೆಕ್ಟಲ್ಲಿ ಪರ್ಮನೆಂಟ್ ಮೇಷ್ಟ್ರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ, ಸೆಮಿಸ್ಟರ್ ಶುರುವಿಗೇ ಅತಿಥಿ ಉಪನ್ಯಾಸಕರು ಬರ್ತಾರಾ ಇಲ್ಲಾ ತಿಂಗಳು ಆದ್ಮೇಲಾ, ಇದನ್ನ ಕೇಳಿ. ಅತಿಥಿ ಉಪನ್ಯಾಸಕರಲ್ಲಿ ಬಹಳ ಒಳ್ಳೇ ಪಾಠ ಮಾಡೋರಿದಾರೆ, ತೊಂದ್ರೆ ಆಗೋದು ನೇಮಕ ಲೇಟಾದಾಗ.

ಮಗನಿಗೂ ಒಂದು ಕೆಲಸ ಕೊಡಿ. ಬಿಎಸ್ಸಿ ಆದ್ಮೇಲೆ ಏನು ಅಂತ ಅವನೇ ಹುಡುಕಿ ನಿಮಗೆ ಹೇಳ್ಬೇಕು. ಮಾನಸಗಂಗೋತ್ರಿಲಿ ಎಂಎಸ್ಸಿ ಇದೆ, ಮೇಷ್ಟ್ರಾಗೋ ಆಸೆ ಇದ್ರೆ ಅಲ್ಲೇ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಲಿ ಪಿಯು ಆದ ತಕ್ಷಣ ಸೇರೋ ನಾಲ್ಕು ವರ್ಷದ ಬಿಎಸ್ಸಿ ಬಿಎಡ್ ಇದೆ, ಸೈನ್ಸ್ ಓದಿದ ಮಕ್ಕಳಿಗೆ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆ ಇದೆ, ಊರಲ್ಲೇ ಇರೋ ಇಷ್ಟನ್ನ ನಮ್ಮ ಮೈಸೂರಿನವರೇ ಎಷ್ಟೋ ಜನ ಒಳಗೆ ಹೋಗಿ ನೋಡಿರಲ್ಲ. 2024-25ರಿಂದ ರಾಜ್ಯದಲ್ಲಿ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ನಾಲ್ಕು ವರ್ಷ ಅನ್ನೋ ಲೆಕ್ಕ ಹಾಕ್ಕೊಂಡಿದ್ರೆ ತೆಗೆದುಹಾಕಿ. ಅವನು ಸುಮ್ನೆ ನಿಂತಿದ್ದು ಕೊಬ್ಬಿಂದ ಅಂತ ನನಗೆ ಅನ್ಸಲ್ಲ ಸರ್, ಮಾತಾಡಿದ್ರೂ ತೀರ್ಮಾನ ಆಗೋಗಿದೆ ಅಂತ ಅನ್ಕೊಂಡಿರ್ತಾನೆ. ತೀರ್ಮಾನ ಇನ್ನೂ ಆಗಿಲ್ಲ ಅಂತ ನಿಮ್ಮ ಬಾಯಿಂದ ಒಂದ್ಸಲ ಕೇಳಿಸ್ಕೊಳ್ಲಿ.

ಪ್ರಶ್ನೆ: ಕಾಲೇಜ್ ನೋಡೋಕೆ ಹೋದಾಗ ಗೇಟ್ ಹತ್ರನೇ ಒಬ್ರು ಸಿಕ್ಕಿ, ಮ್ಯಾನೇಜ್‌ಮೆಂಟ್ ಸೀಟ್ ಕೊಡಿಸ್ತೀನಿ, ಇವತ್ತೇ ಅಡ್ವಾನ್ಸ್ ಕೊಟ್ರೆ ಡಿಸ್ಕೌಂಟ್, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟಿರಿ ಅಂದ್ರು. ಕೊಡ್ಬಹುದಾ? (ಶ್ರೀರಂಗಪಟ್ಟಣದಿಂದ ಒಬ್ಬ ತಂದೆ)

ಉತ್ತರ: ಬೇಡ. ದುಡ್ಡೂ ಬೇಡ ಮಾರ್ಕ್ಸ್ ಕಾರ್ಡೂ ಬೇಡ. ಮ್ಯಾನೇಜ್‌ಮೆಂಟ್ ಸೀಟ್ ಬೇಕೇ ಬೇಕು ಅಂದ್ರೆ ಗೇಟ್ ದಾಟಿ ಒಳಗೆ ಆಫೀಸಿಗೆ ಹೋಗಿ, ಕಾಲೇಜಿನ ಅಕೌಂಟಿಗೇ ಕಟ್ಟಿ, ರಸೀದಿ ತಗೊಳ್ಳಿ. ಮಧ್ಯದೋರಿಗೆ ಕೊಟ್ಟ ದುಡ್ಡಿಗೆ ಕಾಲೇಜು ಜವಾಬ್ದಾರಿ ಅಲ್ಲ. ಒರಿಜಿನಲ್ ಮಾರ್ಕ್ಸ್ ಕಾರ್ಡನ್ನ ಕಾಲೇಜಿನೋರೂ ನೋಡಿ ವಾಪಸ್ ಕೊಡ್ಬೇಕು ಅಂತ ಯುಜಿಸಿ ನಿಯಮನೇ ಇದೆ, ಅಂಥದ್ರಲ್ಲಿ ದಾರೀಲಿ ಸಿಕ್ಕೋರಿಗೆ ಕೊಡೋ ಮಾತೇ ಇಲ್ಲ. ಒರಿಜಿನಲ್ ಅವರ ಹತ್ರ ಸಿಕ್ಕಾಕೊಂಡ್ರೆ ನಾಳೆ ಸಿಇಟಿಲಿ ಒಳ್ಳೇ ಸೀಟ್ ಸಿಕ್ರೂ ಹೋಗಿ ಸೇರೋಕೆ ಆಗಲ್ಲ. ಕಾಲೇಜ್ ನೋಡೋಕೆ ಹೋಗೋವಾಗ ಜೆರಾಕ್ಸ್ ಮಾತ್ರ ತಗೊಂಡು ಹೋಗಿ, ಒರಿಜಿನಲ್ ಮನೇಲೇ ಬೀರುವಲ್ಲಿ ಇರ್ಲಿ.